ಕಾಚಂಪುಳಿಯೂ ಕಾಲ್ನಡಿಗೆಯೂ

ದಪ್ಪನೆಯ ಮನುಷ್ಯನಿಗೆ ಉಪದೇಶ ಮಾಡುವ ಅಧಿಕಾರ ಲೋಕದಲ್ಲಿ ಎಲ್ಲರಿಗೂ ಉಂಟು. ಕೇಳಿದರೆ ನಾಲ್ಕು ರೂಪಾಯಿ ಸಾಲ ಕೊಡದವರು ಕೂಡ, ಹೊಟ್ಟೆ ಬೆಳೆದವನನ್ನು ಕಂಡರೆ ನಡುಬೀದಿಯಲ್ಲಿ ನಿಲ್ಲಿಸಿ ಧಾರಾಳವಾಗಿ ಬುದ್ಧಿ ಹೇಳುತ್ತಾರೆ. ಹತ್ತು ವರ್ಷ ಇಂಥ ಉಪದೇಶಗಳನ್ನು ಕೇಳಿ, ನಕ್ಕು, ಮುಂದೆ ಹೋದವನು ನಾನು. ಮಡಿಕೇರಿಯಲ್ಲಿ ಹುಡುಗರಿಗೆ ಚರಿತ್ರೆಯ ಪಾಠ ಹೇಳಿ ನಿವೃತ್ತನಾದಾಗ ನನ್ನ ತೂಕ 104 ಕಿಲೋ. 2015ರ ಮಳೆಗಾಲದಲ್ಲಿ ನಮ್ಮ ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ಎರಡು ಸಲ ಓದಿ, ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಸಕ್ಕರೆ ಕಾಯಿಲೆ ನಿಮ್ಮ ಜಗಲಿಗೆ ಬಂದು ಕೂತಿದೆ. ಒಳಗೆ ಕರೆಯುತ್ತೀರೋ, ಹೊರಗಿನಿಂದಲೇ ಕಳಿಸುತ್ತೀರೋ, ನೀವೇ ತೀರ್ಮಾನ ಮಾಡಿ" ಎಂದರು. ನನ್ನ ಅಣ್ಣ ಅದೇ ಕಾಯಿಲೆಯಲ್ಲಿ ಒಂದು ಕಾಲನ್ನು ಕಳೆದುಕೊಂಡಿದ್ದರು. ಅಂದು ನನಗೆ ನಗು ಬರಲಿಲ್ಲ.

ಸುದ್ದಿ ಅಮೆರಿಕದಲ್ಲಿರುವ ಮಗನಿಗೆ ಮುಟ್ಟಿತು. ತಿಂಗಳೊಳಗೆ ಒಂದು ಸೀಸೆ ಗುಳಿಗೆ ಬಂತು. ನಡೆಯಬೇಕಾಗಿಲ್ಲ, ಊಟ ಬಿಡಬೇಕಾಗಿಲ್ಲ, ಗುಳಿಗೆ ನುಂಗಿದರೆ ಸಾಕು, ಕೊಬ್ಬು ಕರಗುತ್ತದೆ ಎಂಬ ಧಾಟಿಯಲ್ಲಿತ್ತು ಅದರ ಜಾಹೀರಾತು. ಚೀಟಿಯ ಮೇಲೆ 'ಗಾರ್ಸಿನಿಯಾ ಕಾಂಬೋಜಿಯಾ' ಎಂಬ ಗಂಭೀರವಾದ ಹೆಸರು. ಪಕ್ಕದಲ್ಲಿ ಸಣ್ಣ ಕುಂಬಳಕಾಯಿಯಂತೆ ಏಣುಗಳುಳ್ಳ ಒಂದು ಹಳದಿ ಹಣ್ಣಿನ ಚಿತ್ರ. ಆ ದಿನ ಮನೆಗೆ ಬಂದಿದ್ದ ನನ್ನ ಅಕ್ಕ ಸೀಸೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಅಯ್ಯೋ, ಇದು ನಮ್ಮ ಕಾಚಂಪುಳಿಯಲ್ಲವೇನೋ!" ಎಂದಳು.

ಹೌದು, ಅದೇ. ಕೊಡಗಿನ ಹೊರಗಿನ ವಾಚಕರಿಗಾಗಿ ಒಂದೆರಡು ಮಾತು ಹೇಳಬೇಕು. ಮಲೆನಾಡಿನವರು ಉಪ್ಪಾಗೆ ಎನ್ನುವ, ಮಲಯಾಳಿಗಳು ಕುಡಂಪುಳಿ ಎಂದು ಮೀನಿನ ಸಾರಿಗೆ ಹಾಕುವ, ಸಿಂಹಳದವರು ಗೊರಕ ಎನ್ನುವ ಹಣ್ಣು ಇದು. ಅವರೆಲ್ಲ ಸಿಪ್ಪೆಯನ್ನು ಒಣಗಿಸಿಟ್ಟುಕೊಳ್ಳುತ್ತಾರೆ. ಕೊಡಗಿನಲ್ಲಿ ಮಳೆಗಾಲದಲ್ಲಿ ಮರದಡಿ ಉದುರಿದ ಹಣ್ಣನ್ನು ಆಯ್ದು ಬಿದಿರಿನ ಬುಟ್ಟಿಗೆ ಹಾಕಿ ಕೆಳಗೊಂದು ಪಾತ್ರೆ ಇಡುತ್ತಾರೆ. ಹಣ್ಣು ಕೊಳೆಯುತ್ತ ಬಂದಂತೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಒಲೆಯ ಮೇಲೆ ಬಹಳ ಹೊತ್ತು ಕುದಿಸಿ ಇಳಿಸಿದರೆ ಕಪ್ಪಗೆ, ಮಂದವಾಗಿ ಕಾಕಂಬಿಯಂತಾಗುತ್ತದೆ. ಸೀಸೆಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಂದಿಮಾಂಸದ ಸಾರಿಗೆ ಇದರ ಒಂದೆರಡು ಚಮಚ ಬೀಳದಿದ್ದರೆ ಕೊಡವರ ಮನೆಯಲ್ಲಿ ಅದು ಪಂದಿಕರಿ ಎನ್ನಿಸಿಕೊಳ್ಳದು. ಕೊಬ್ಬಿನ ಅಡಿಗೆಗೆ ರುಚಿ ಕೊಡುವ ವಸ್ತುವೇ ಕೊಬ್ಬನ್ನು ಕರಗಿಸುವ ಔಷಧವಾಗಿ ಸಮುದ್ರ ದಾಟಿ ಬಂದದ್ದು ನನಗೆ ವಿಚಿತ್ರವೆನಿಸಿತು. ಚರಿತ್ರೆಯ ಮೇಷ್ಟ್ರ ಚಪಲ ನೋಡಿ, ಗುಳಿಗೆಯನ್ನು ನುಂಗುವ ಮೊದಲು ಅದರ ಪೂರ್ವೋತ್ತರವನ್ನು ವಿಚಾರಿಸತೊಡಗಿದೆ.

ಆ ಕಥೆ ಆರಂಭವಾಗುವುದು ನಮ್ಮ ನೆರೆಯ ಮೈಸೂರಿನಲ್ಲಿ. 1950ರಲ್ಲಿ ಅಲ್ಲಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ತೆರೆಯಿತು. ಅಲ್ಲಿನ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಈ ಹಣ್ಣಿನ ಹುಳಿಯನ್ನು ಶೋಧಿಸಿ, ಅದರಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಪ್ರಕಟಿಸಿದರು. ಅವರಿಗೆ ಬೇಕಾಗಿದ್ದುದು ಹುಳಿಯ ಸ್ವರೂಪವೇ ಹೊರತು ಯಾರ ಹೊಟ್ಟೆಯನ್ನು ಕರಗಿಸುವುದೂ ಅಲ್ಲ. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾನಿಲಯದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಕಂಡರು. ತಿಂದ ಪಿಷ್ಟದಲ್ಲಿ ಮಿಕ್ಕದ್ದು ಶರೀರದಲ್ಲಿ ಕೊಬ್ಬಾಗಿ ಮಾರ್ಪಡುವ ದಾರಿಯಲ್ಲಿ ಒಂದು ಕಿಣ್ವ ಕೆಲಸ ಮಾಡುತ್ತದೆ. ಈ ಆಮ್ಲ ಆ ಕಿಣ್ವದ ಕೈಯನ್ನು ಕಟ್ಟಿಹಾಕುತ್ತದೆ. ಮುಂದಿನ ದಶಕದಲ್ಲಿ ಇಲಿಗಳಿಗೆ ತಿನ್ನಿಸಿ ನೋಡಿದಾಗ ಅವು ಕಡಿಮೆ ತಿಂದವು, ಕೊಬ್ಬೂ ಕಡಿಮೆ ಕಟ್ಟಿತು. ಇಷ್ಟು ಸಾಕಾಯಿತು. 1990ರ ದಶಕದ ಹೊತ್ತಿಗೆ ಗುಳಿಗೆ ಅಂಗಡಿಗೆ ಬಂದಿತ್ತು.

ಆದರೆ ಮನುಷ್ಯ ಇಲಿಯಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಬಂತು. ನ್ಯೂಯಾರ್ಕಿನ ವೈದ್ಯರು 135 ಮಂದಿ ಸ್ಥೂಲಕಾಯರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಈ ಆಮ್ಲದ ಗುಳಿಗೆಯನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆಯನ್ನೂ 12 ವಾರ ಕೊಟ್ಟರು. ಎರಡು ಪಂಗಡಕ್ಕೂ ನಾರು ಹೆಚ್ಚಾಗಿರುವ ಮಿತಾಹಾರ. ಗುಳಿಗೆಯವರ ತೂಕ ಸರಾಸರಿ 3.2 ಕಿಲೋ ಇಳಿಯಿತು. ಹುಸಿ ಗುಳಿಗೆಯವರದು 4.1 ಕಿಲೋ! ತೂಕ ಇಳಿಸಿದ್ದು ಊಟವೇ, ಗುಳಿಗೆಯಲ್ಲ. ಕಾರಣವೂ ತಿಳಿಯದ್ದೇನಲ್ಲ. ಸಾಮಾನ್ಯ ಊಟ ಮಾಡುವ ಮನುಷ್ಯನ ದೇಹ ಅನ್ನದಿಂದ ಹೊಸದಾಗಿ ತಯಾರಿಸುವ ಕೊಬ್ಬು ಸ್ವಲ್ಪವೇ. ಸೊಂಟದಲ್ಲಿ ಸೇರುವುದು ಬಹುಪಾಲು ತಿಂದ ಕೊಬ್ಬೇ. ಬಾಗಿಲು ತೆರೆದಿರುವಾಗ ಕಿಟಕಿಗೆ ಅಗುಳಿ ಹಾಕಿ ಫಲವೇನು? 2009ರಲ್ಲಿ, ಈ ಆಮ್ಲವೂ ಬೇರೆ ಹಲವು ವಸ್ತುಗಳೂ ಸೇರುತ್ತಿದ್ದ ಒಂದು ಪ್ರಸಿದ್ಧ ಬಗೆಯ ಗುಳಿಗೆಗಳನ್ನು ಯಕೃತ್ತಿಗೆ ಅಪಾಯವೆಂದು ಬಳಸಬಾರದಾಗಿ ಅಲ್ಲಿನ ಸರ್ಕಾರವೇ ಜನರನ್ನು ಎಚ್ಚರಿಸಿತು. ಇತ್ತ ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಾಗೆಗೆ ಬೆಲೆ ಏರಿ, ಬಲಿಯುವ ಮೊದಲೇ ಕಾಯಿ ಕೀಳುವುದು, ಕೊಂಬೆ ಕಡಿಯುವುದು, ಮಳೆಯಲ್ಲಿ ಸಿಪ್ಪೆ ಒಣಗಿಸಲು ಸೌದೆ ಸುಡುವುದು ನಡೆಯಿತು. ದೂರದ ದೇಶದ ಬೊಜ್ಜಿಗೆ ಹತ್ತಿರದ ಕಾಡು ಸುಂಕ ತೆತ್ತಿತು. ನಾನು ಸೀಸೆಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದೆ.

ಹಾಗಾದರೆ ಕಾಚಂಪುಳಿ ಹಾಕಿದ ಹಂದಿಮಾಂಸವನ್ನು ತಿಂದೂ ನಮ್ಮ ಅಜ್ಜಂದಿರು ಸಪೂರವಾಗಿ ಇದ್ದುದು ಹೇಗೆ? ಉತ್ತರ ಹುಳಿಯಲ್ಲಿಲ್ಲ, ಕಾಲಿನಲ್ಲಿದೆ. ಕೊಡಗಿನ ಹಳೆಯ ಐನ್‌ಮನೆಗಳು ಒತ್ತೊತ್ತಾಗಿ ಕಟ್ಟಿದವಲ್ಲ. ಮನೆ ದಿಣ್ಣೆಯ ಮೇಲೆ, ಗದ್ದೆ ಕೆಳಗೆ ಕಣಿವೆಯಲ್ಲಿ, ನೆರೆಮನೆ ಮುಂದಿನ ಗುಡ್ಡದಲ್ಲಿ. ಬೆಂಕಿ ಕೇಳಲೂ ಇಳಿದು ಹತ್ತಬೇಕು. ಇಲ್ಲಿ ಬೆಳೆದ ಅಕ್ಕಿ ಎತ್ತುಗಳ ಬೆನ್ನ ಮೇಲೆ ಘಟ್ಟವಿಳಿದು ಮಲಬಾರಿಗೆ ಹೋಗುತ್ತಿತ್ತು, ಉಪ್ಪು ಘಟ್ಟ ಹತ್ತಿ ಬರುತ್ತಿತ್ತು. ಎತ್ತಿನ ಹಿಂದೆ ಮನುಷ್ಯನೂ ನಡೆಯುತ್ತಿದ್ದ. ಹಬ್ಬಗಳೂ ಕೂತು ಉಣ್ಣುವ ಹಬ್ಬಗಳಾಗಿರಲಿಲ್ಲ. ನಾಟಿ ಮುಗಿಯುವಾಗ ದೊಡ್ಡ ಗದ್ದೆಯಲ್ಲಿ ಉದ್ದಕ್ಕೂ ಒಂದು ಪಟ್ಟಿ ಜಾಗ ಬಿಟ್ಟು ಕೆಸರಿನಲ್ಲಿ ಓಟದ ಪಂದ್ಯ. ಕೈಲ್‌ಪೊಳ್ದಿನಲ್ಲಿ ಆಯುಧಗಳ ಪೂಜೆಯಾದ ಮೇಲೆ ಆಟಗಳು. ಪುತ್ತರಿಯಲ್ಲಿ ಮಂದ್‌ನಲ್ಲಿ ಕೋಲಾಟ, ಕೋಲಿನಿಂದ ಕಾಲಿಗೆ ಹೊಡೆಯುವ ಪರಿಯಕಳಿ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯನ್ನು ತಿರುವಿದರೆ ಆ ಜೀವನದ ಕಸುವು ಕಾಣುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭವಾದ ಕೊಡವ ಹಾಕಿ ಹಬ್ಬವೂ ಅದೇ ಕಸುವಿನ ಹೊಸ ರೂಪ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ತೂಕ ಇಳಿಸುವ ಚಿಂತೆ ಹೊಟ್ಟೆ ತುಂಬಿದವರದು. ಒಡೆಯರ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ದುಡಿದ ಯರವರಿಗೆ ಮೈಕೊಬ್ಬಿಸಿಕೊಳ್ಳುವ ಅವಕಾಶವೇ ಬರಲಿಲ್ಲ. ಅವರ ಸಪೂರಿಗೆ ವ್ಯಾಯಾಮವೆಂದು ಹೆಸರಿಡುವುದು ಅನ್ಯಾಯ.

1854ರ ಸುಮಾರಿಗೆ ಯೂರೋಪಿಯನರು ಮಡಿಕೇರಿಯ ಬಳಿ ಕಾಫಿ ತೋಟ ಹಾಕಿದರು; ಕ್ರಮೇಣ ಊರವರೂ ಹಾಕಿದರು. ಆಮೇಲೆ ರಸ್ತೆ, ಬಸ್ಸು, ಜೀಪು. ನನ್ನಂಥವರಿಗೆ ಶಾಲೆಯ ಕುರ್ಚಿ. ಊಟ ಮಾತ್ರ ಅಜ್ಜನ ಕಾಲದ್ದೇ ಉಳಿಯಿತು: ಬೆಳಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಂಬುಟ್ಟು, ನೂಪುಟ್ಟು. ಗದ್ದೆ ಉಳುವವನ ಊಟವನ್ನು ಹಾಜರಿ ಕರೆಯುವವನು ಉಣ್ಣುತ್ತಿದ್ದ. ನನ್ನ 104 ಕಿಲೋಗೆ ಇದಕ್ಕಿಂತ ಬೇರೆ ಇತಿಹಾಸ ಬೇಕಿಲ್ಲ.

ಈ ಲೆಕ್ಕವನ್ನು ಹಿಂದಿನವರು ಅರಿಯದವರಲ್ಲ. ಚರಕಸಂಹಿತೆ ಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಅತಿಯಾದ ಊಟ, ಸಿಹಿ ಮತ್ತು ಜಿಡ್ಡು, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ, ಚಿಂತೆಯಿಲ್ಲದಿರುವುದು, ಹುಟ್ಟಿನಿಂದ ಬಂದ ಬೀಜಸ್ವಭಾವ ಇವನ್ನೆಲ್ಲ ಹೇಳುತ್ತದೆ. ಪರಿಹಾರವಾಗಿ ಜವೆ, ಹುರುಳಿ, ಹೆಸರು. ಜಾಗರಣೆ, ವ್ಯಾಯಾಮ, ಚಿಂತನೆ. ಅದೂ ಕ್ರಮಕ್ರಮವಾಗಿ ಹೆಚ್ಚಿಸಬೇಕು. ಸುಶ್ರುತನಂತೂ ಮಧುಮೇಹದ ರೋಗಿಗೆ ಇನ್ನೂ ಕಠಿನ. ಬಡವನಾದರೆ ಕೊಡೆ, ಮೆಟ್ಟುಗಳಿಲ್ಲದೆ ಭಿಕ್ಷೆಯುಂಡು ನೂರು ಯೋಜನ ನಡೆಯಲಿ. ಧನಿಕನಾದರೆ ಕಾಡಿನ ಧಾನ್ಯ, ನೆಲ್ಲಿಕಾಯಿಗಳನ್ನು ತಿಂದು ಜಿಂಕೆಗಳ ಜೊತೆ ತಿರುಗಲಿ. ಅಥವಾ ಬಾವಿ ತೋಡಲಿ ಎನ್ನುತ್ತಾನೆ.

ನಾನು ಬಾವಿ ತೋಡಲಿಲ್ಲ, ನಡೆದೆ. ಮಹದೇವಪೇಟೆಯಿಂದ ರಾಜರ ಗದ್ದಿಗೆಯವರೆಗೆ ಹೋಗಿ ಬರುವುದು ಮೊದಲ ದಿನದ ಸಾಹಸ. ಮೂರು ಕಡೆ ನಿಂತೆ. ತಿಂಗಳ ಕೊನೆಗೆ ತಕ್ಕಡಿ ಹತ್ತಿದರೆ ಒಂದು ಕಿಲೋ ಏರಿತ್ತು! ನಡೆದ ಹಸಿವಿಗೆ ಎರಡು ರೊಟ್ಟಿ ಹೆಚ್ಚಿಗೆ ತಿಂದದ್ದರ ಫಲ. ಇದೇ ಅವಸ್ಥೆ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಶವಪೆಟ್ಟಿಗೆಯ ವ್ಯಾಪಾರಿಗೂ ಆಗಿತ್ತೆಂದು ಓದಿ ಸಮಾಧಾನಪಟ್ಟೆ. ಆತ ಮೊದಲು ದೋಣಿಯ ಹುಟ್ಟು ಹಾಕಿ ನೋಡಿದ. ಹಸಿವು ಹೆಚ್ಚಿತು, ಹೊಟ್ಟೆ ಇಳಿಯಲಿಲ್ಲ. ಕೊನೆಗೆ ವೈದ್ಯನ ಮಾತಿನಂತೆ ರೊಟ್ಟಿ, ಸಕ್ಕರೆ, ಆಲೂಗೆಡ್ಡೆಗಳನ್ನು ಬಿಟ್ಟು ಒಂದು ವರ್ಷದಲ್ಲಿ 202 ಪೌಂಡಿನಿಂದ 156 ಪೌಂಡಿಗೆ ಇಳಿದು, 1863ರಲ್ಲಿ ಅದನ್ನು ಪುಟ್ಟ ಪುಸ್ತಕವಾಗಿ ಬರೆದ. ಆತನ ಹೆಸರೇ ಇಂಗ್ಲಿಷಿನಲ್ಲಿ ಪಥ್ಯಮಾಡುವುದಕ್ಕೆ ಕ್ರಿಯಾಪದವಾಯಿತು.

ಹಾಗೆಂದು ನಡಿಗೆ ವ್ಯರ್ಥವೆನ್ನುವಂತಿಲ್ಲ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಿಗೆ ಹೃದಯದ ಬೇನೆ ಹೆಚ್ಚೆಂದು ತೋರಿಸಿದರು. ಡ್ರೈವರುಗಳ ಷರಾಯಿಯ ಸೊಂಟದಳತೆ ದೊಡ್ಡದೆಂಬುದನ್ನೂ ಬಳಿಕ ಸಮವಸ್ತ್ರದ ಲೆಕ್ಕದಿಂದಲೇ ಕಂಡುಹಿಡಿದರು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ದೇಹತೂಕದ ನೂರಕ್ಕೆ 7 ಪಾಲು ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು ಎಂಬ ಎರಡೇ ಗುರಿ ಕೊಟ್ಟರು. ಕಾಯಿಲೆಗೆ ಬೀಳುವವರ ಪ್ರಮಾಣ ನೂರಕ್ಕೆ 58ರಷ್ಟು ತಗ್ಗಿತು. ಊಟ ಮತ್ತು ನಡಿಗೆ ಜೋಡೆತ್ತು. ಒಂದನ್ನೇ ಕಟ್ಟಿದರೆ ನೊಗ ಓರೆಯಾಗುತ್ತದೆ.

ಅಲ್ಲಿಂದ ಮುಂದೆ ಒಂದು ನೋಟುಪುಸ್ತಕ ಇಟ್ಟೆ. ತಿಂದದ್ದು, ನಡೆದದ್ದು, ಭಾನುವಾರದ ತೂಕ. ಆರು ರೊಟ್ಟಿ ಎರಡಾಯಿತು. ಅನ್ನ ಅರ್ಧವಾಯಿತು; ಸೊಪ್ಪು, ಕಣಿಲೆ, ಹುರುಳಿ ಆ ಜಾಗಕ್ಕೆ ಬಂದವು. ಪಂದಿಕರಿ ತಿಂಗಳಿಗೊಮ್ಮೆ, ಹಬ್ಬಕ್ಕೆ. ಮೊದಲ ವರ್ಷ 12 ಕಿಲೋ ಇಳಿಯಿತು, ಎರಡನೆಯ ವರ್ಷ 9. ನಡುವೆ ಎರಡು ಮದುವೆ ಸೀಜನ್ನುಗಳು ಬಂದು ಹೋದವು. ಆ ಪುಟಗಳನ್ನು ನಾನು ಯಾರಿಗೂ ತೋರಿಸುವುದಿಲ್ಲ. 2018ರ ಜುಲೈ ಹೊತ್ತಿಗೆ ನಾನು 79 ಕಿಲೋ. ಒಟ್ಟು 25 ಕಿಲೋ, ಅಂದರೆ ಅಕ್ಕಿಯ ಒಂದು ಮೂಟೆ. ಅಷ್ಟನ್ನು ಹೊತ್ತುಕೊಂಡು ನಾನು ಅಷ್ಟು ವರ್ಷ ಪಾಠ ಹೇಳಿದ್ದೆ!

ಆ ವರ್ಷದ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆಯುವಂತಿಲ್ಲ. ಮಡಿಕೇರಿಯ ಸುತ್ತ ಬೆಟ್ಟಗಳು ಜರಿದವು, ಮಕ್ಕಂದೂರು, ಜೋಡುಪಾಲದಂಥ ಕಡೆ ಮನೆ, ತೋಟ, ರಸ್ತೆ ಕೊಚ್ಚಿಹೋದವು, ಸಾವಿರಾರು ಜನ ಪರಿಹಾರ ಶಿಬಿರಗಳನ್ನು ಸೇರಿದರು. ನನ್ನ ಅಕ್ಕನ ಮನೆ ಇದ್ದ ಹಳ್ಳಿಗೆ ಜೀಪಿನ ದಾರಿ ಕಡಿದಿತ್ತು. ನಾನೂ ಅಳಿಯನೂ ಬೆಳಗ್ಗೆ ಹೊರಟು, ಜಾರುವ ಮಣ್ಣನ್ನು ಬಳಸಿ, ಹಳೆಯ ಕಾಲುದಾರಿಯಲ್ಲಿ ಹತ್ತಿ ಇಳಿದು ಮಧ್ಯಾಹ್ನಕ್ಕೆ ಅಲ್ಲಿ ಮುಟ್ಟಿದೆವು. ಎಪ್ಪತ್ತು ದಾಟಿದ ಅಕ್ಕ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ನನ್ನನ್ನು ನೋಡಿ ಅವಳು ಮೊದಲು ಕೇಳಿದ್ದು, "ನೀನು ನಡೆದೇ ಬಂದೆಯಾ?" ಎಂದು. ಕತ್ತಲಾಗುವ ಮೊದಲು ಅವಳ ಕೈ ಹಿಡಿದು ಅದೇ ದಾರಿಯಲ್ಲಿ ಮರಳಿದೆವು. ಮೂರು ವರ್ಷದ ಹಿಂದಿನ ದೇಹವಾಗಿದ್ದರೆ ಮೊದಲ ಏರಿನಲ್ಲಿಯೇ ಕೂತುಬಿಡುತ್ತಿದ್ದೆ. ಅಳಿಯ ಇಬ್ಬರನ್ನು ಎಳೆಯಬೇಕಾಗುತ್ತಿತ್ತು.

ಈಗಲೂ ಬೆಳಗ್ಗೆ ಗದ್ದಿಗೆಯವರೆಗೆ ಹೋಗಿ ಬರುತ್ತೇನೆ. ತೂಕ ಒಂದೆರಡು ಕಿಲೋ ಏರುತ್ತದೆ, ಇಳಿಯುತ್ತದೆ. ಜಗಲಿಯ ಅತಿಥಿ ಇನ್ನೂ ಒಳಗೆ ಬಂದಿಲ್ಲವೆಂದು ವೈದ್ಯರು ಹೇಳುತ್ತಾರೆ. ಮಗ ಕಳಿಸಿದ ಸೀಸೆಯ ಅವಧಿ ಎಂದೋ ಮುಗಿಯಿತು, ಎಸೆದೆ. ಅಕ್ಕ ಕೊಟ್ಟ ಕಾಚಂಪುಳಿಯ ಸೀಸೆ ಮಾತ್ರ ಅಡಿಗೆಮನೆಯಲ್ಲಿದೆ. ಹಬ್ಬದ ದಿನ ಒಂದು ಚಮಚ ಪಂದಿಕರಿಗೆ ಬೀಳುತ್ತದೆ. ಅದರ ಕೆಲಸ ಅಷ್ಟೇ, ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ.