ಬಲಕ್ಕೆ ಓಡುವ ಆಟಗಳು

ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದ್ದಿದ್ದರೆ, ಕೆಂಪು ಟೋಪಿಯ ಮಾರಿಯೋನನ್ನು ನಿಮಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ನಮ್ಮ ಊರುಗಳಿಗೆ ಬಂದ ಅಂಥ ಪೆಟ್ಟಿಗೆಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ನಕಲುಗಳು. ನಾವೆಲ್ಲ ಕ್ಯಾಸೆಟ್ ಎನ್ನುತ್ತಿದ್ದ ಬಿಲ್ಲೆಯ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಅಚ್ಚು ಹಾಕಿರುತ್ತಿದ್ದರು. ಎಣಿಸಹೊರಟರೆ ಬೆರಳೆಣಿಕೆಯ ಆಟಗಳು, ಉಳಿದವೆಲ್ಲ ಅವೇ ಮತ್ತೆ ಮತ್ತೆ. ಆಡುವ ವಿಧಾನ ತಿಳಿಸುವ ಪುಸ್ತಿಕೆ ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. ಸಿಕ್ಕರೂ ಅದು ಕನ್ನಡದಲ್ಲಂತೂ ಇರುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿಯೋ ಮಲಯಾಳವೋ ತೆಲುಗೋ ಎಂಬಂತೆ ಬೆಳೆಯುವ ನಮ್ಮ ಗಡಿನಾಡಿನ ಮಕ್ಕಳು, ಒಂದಕ್ಷರ ಓದದೆ, ಯಾರನ್ನೂ ಕೇಳದೆ ಆ ಆಟವನ್ನು ಆಡಿ ಕಲಿತರು. ಅದು ಹೇಗೆ ಸಾಧ್ಯವಾಯಿತು?

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ತೆರೆ ಪಕ್ಕಕ್ಕೆ ಸರಿಯುತ್ತ ಹೋಗುವ ಆಟಗಳು ಮೊದಲು ಬೆಳೆದದ್ದು ನಾಣ್ಯ ಹಾಕಿ ಆಡುವ ಅಂಗಡಿಗಳಲ್ಲಿ. ಅಮೆರಿಕದಲ್ಲಿ 1981ರಲ್ಲಿ ಬಂದ ಡಿಫೆಂಡರ್, ಅದರ ಮರುವರ್ಷ ಜಪಾನಿನಿಂದ ಬಂದ ಮೂನ್ ಪೆಟ್ರೋಲ್ ಇವೆಲ್ಲ ಆ ಕಾಲದವು. ಜಾತ್ರೆಯ ತೊಟ್ಟಿಲಿನವನು ಸುತ್ತು ಎಣಿಸಿ ನಿಮ್ಮನ್ನು ಇಳಿಸುತ್ತಾನೆ. ಯಂತ್ರಕ್ಕೆ ಹಾಗೆ ಕೈಹಿಡಿದು ಇಳಿಸಲು ಬಾರದು, ಆದ್ದರಿಂದ ಅದು ಕೊಲ್ಲುತ್ತದೆ. ಒಂದು ನಾಣ್ಯಕ್ಕೆ ಅರ್ಧ ಗಂಟೆ ಆಡುವ ಹುಡುಗ ಅಂಗಡಿಯವನ ಪಾಲಿಗೆ ನಷ್ಟವೇ ಸರಿ.

ಈ ಲೆಕ್ಕಾಚಾರದ ತುತ್ತತುದಿ ಕ್ಯಾಪ್‌ಕಾಮ್ ಕಂಪನಿಯವರ 1985ರ ಘೋಸ್ಟ್ಸ್ ಎನ್ ಗಾಬ್ಲಿನ್ಸ್. ಅದರ ವೀರನಿಗೆ ಒಂದು ಪೆಟ್ಟು ಬಿದ್ದರೆ ಕವಚ ಕಳಚಿ ಒಳಚಡ್ಡಿಯಲ್ಲಿ ನಿಲ್ಲುತ್ತಾನೆ. ಇನ್ನೊಂದು ಬಿದ್ದರೆ ಬರೀ ಎಲುಬು. ಹೇಗೋ ಏಗಿ ಕೊನೆ ಮುಟ್ಟಿದಿರಿ ಎನ್ನಿ, ಇದೆಲ್ಲ ಸೈತಾನನ ಮಾಯೆ, ಮೊದಲಿನಿಂದ ಮತ್ತೊಮ್ಮೆ ಬಾ ಎಂದು ಆಟ ನಿಮ್ಮನ್ನು ಹಿಂದಕ್ಕೆ ಅಟ್ಟುತ್ತದೆ. ಇದನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ನನ್ನ ಮಟ್ಟಿಗೆ ಅದು ಕಷ್ಟವಲ್ಲ, ಸುಲಿಗೆ.

ಅದೇ ವರ್ಷ, 1985ರ ಸೆಪ್ಟೆಂಬರ್ 13ರಂದು, ನಿಂಟೆಂಡೊದ ಸೂಪರ್ ಮಾರಿಯೋ ಬ್ರದರ್ಸ್ ಜಪಾನಿನಲ್ಲಿ ಹೊರಬಂತು. ಇದನ್ನು ರೂಪಿಸಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕಾ. ಮನೆಯ ಯಂತ್ರಕ್ಕೆ ಮಾಡಿದ ಆಟವಾದ್ದರಿಂದ ನಾಣ್ಯದ ಅವಸರ ಇಲ್ಲಿರಲಿಲ್ಲ. ಮೊದಲ ಹಂತವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮಾರಿಯೋ ತೆರೆಯ ಎಡಭಾಗದಲ್ಲಿ ನಿಂತಿದ್ದಾನೆ, ಬಲಕ್ಕೆ ಬಯಲು. ಎತ್ತ ಹೋಗಬೇಕೆಂದು ಹೇಳಬೇಕಾಗಿಲ್ಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಣಬೆ ತಲೆಯ ಒಂದು ಪ್ರಾಣಿ ಎದುರು ಬರುತ್ತದೆ. ಸುಮ್ಮನೆ ನಿಂತರೆ ಸಾಯುತ್ತೀರಿ, ಹಾರಿದರೆ ಉಳಿಯುತ್ತೀರಿ, ಅದರ ಮೇಲೆ ಬಿದ್ದರೆ ಅದೇ ಸಾಯುತ್ತದೆ. ಪಾಠ ಮುಗಿಯಿತು. ತಪ್ಪಿದರೂ ಕಳೆದುಕೊಳ್ಳುವುದು ಕೆಲವೇ ಕ್ಷಣಗಳ ಆಟ.

ಮುಂದೆ ಪ್ರಶ್ನೆ ಚಿಹ್ನೆಯ ಡಬ್ಬಿಯೊಂದರಿಂದ ನಿಜವಾದ ಅಣಬೆ ಹೊರಬರುತ್ತದೆ. ಈಗಷ್ಟೇ ಅಣಬೆಯಂಥದ್ದರಿಂದ ಪೆಟ್ಟು ತಿಂದವನು ಇದಕ್ಕೂ ಹೆದರಿ ಓಡಬಹುದಲ್ಲ? ಅದಕ್ಕೇ ಆ ಅಣಬೆ ಬಲಕ್ಕೆ ಸರಿದು, ಹಸಿರು ಕೊಳವೆಗೆ ಬಡಿದು, ನಿಮ್ಮ ಕಡೆಗೇ ತಿರುಗಿ ಬರುತ್ತದೆ. ಗಾಬರಿಯಿಂದ ಹಾರಿದರೂ ತಲೆಯ ಮೇಲಿನ ಇಟ್ಟಿಗೆ ತಡೆದು ಅದರ ಮೇಲೇ ಬೀಳುವ ಸಂಭವ ಹೆಚ್ಚು. ಬಿದ್ದರೆ ದೊಡ್ಡವರಾಗುತ್ತೀರಿ! ಹಂತದ ಕೊನೆಯ ಭಾಗದಲ್ಲಿ ಎದುರುಬದುರಾಗಿ ಎರಡು ಮೆಟ್ಟಿಲು ಸಾಲುಗಳಿವೆ, ನಡುವೆ ನೆಲ. ಎಡವಿದರೆ ಏನೂ ಆಗದು. ಅದನ್ನು ದಾಟಿದರೆ ಬಹುತೇಕ ಅಂಥದೇ ಇನ್ನೊಂದು ಜೋಡಿ, ನಡುವೆ ಈ ಬಾರಿ ಗುಂಡಿ. ಈಜು ಕಲಿಸುವವರು ಮೊದಲು ಸೊಂಟದ ನೀರಿಗೆ ಇಳಿಸುವುದಿಲ್ಲವೇ, ಹಾಗೆ. ಮೊದಲ ಹಂತಗಳನ್ನು ತಾವು ಕೊನೆಗೆ ರಚಿಸುವುದಾಗಿ ಮಿಯಾಮೊಟೊ ಹೇಳಿದ್ದಾರೆ. ಮುಂದೆ ಏನೇನು ಬೇಕಾಗುತ್ತದೆ ಎಂದು ಪೂರ್ತಿ ತಿಳಿದ ಮೇಲಲ್ಲವೇ ಪೀಠಿಕೆ ಬರೆಯಲು ಸಾಧ್ಯ?

ಇಡೀ ಆಟ ಹಿಡಿದದ್ದು ಕೇವಲ 40 ಕಿಲೋಬೈಟ್ ಜಾಗದಲ್ಲಿ. ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. 32 ಹಂತಗಳಲ್ಲಿ ಕೆಲವು ಹಳೆಯವೇ: ಒಂದನೆಯ ಲೋಕದ ಮೂರನೆಯ ಹಂತವೇ ಐದನೆಯ ಲೋಕದಲ್ಲಿ, ಹಲಗೆಗಳು ಕಿರಿದಾಗಿ, ಗುಂಡುಗಳು ಹಾರಿಬರುವಂತಾಗಿ ಮತ್ತೆ ಎದುರಾಗುತ್ತದೆ. ಬಡತನದಲ್ಲಿ ಹುಟ್ಟಿದ ಜಾಣತನ.

ಆದರೆ ಇದೇ ಜನ ಮರುವರ್ಷ ಏನು ಮಾಡಿದರು ನೋಡಿ. 1986ರ ಜೂನ್‌ನಲ್ಲಿ ಜಪಾನಿನಲ್ಲಿ ಬಂದ ಎರಡನೆಯ ಭಾಗದಲ್ಲಿ ವಿಷದ ಅಣಬೆ ಇಟ್ಟರು, ಹಾರುವಾಗ ತಳ್ಳುವ ಗಾಳಿ ಇಟ್ಟರು, ಹಿಂದಿನ ಲೋಕಕ್ಕೆ ಎಸೆಯುವ ಕೊಳವೆಯನ್ನೂ ಇಟ್ಟರು. ಮೊದಲ ಭಾಗವನ್ನು ಅರೆದು ಕುಡಿದವರಿಗಾಗಿಯೇ ಮಾಡಿದ್ದು ಇದು. ತೀರ ಕಷ್ಟವೆಂದು ನಿಂಟೆಂಡೊದ ಅಮೆರಿಕ ಶಾಖೆ ಅದನ್ನು ಬಿಟ್ಟು, ಡೋಕಿ ಡೋಕಿ ಪ್ಯಾನಿಕ್ ಎಂಬ ಬೇರೊಂದು ಆಟಕ್ಕೆ ಮಾರಿಯೋನ ವೇಷ ಹಾಕಿ 1988ರಲ್ಲಿ ಮಾರಿತು. ಮೂಲ ಆಟ ಅಲ್ಲಿಯವರಿಗೆ ಸಿಕ್ಕಿದ್ದು 1993ರಲ್ಲಿ. ಮೊದಲ ಆಟ ಕೊಟ್ಟ ನಂಬಿಕೆಯನ್ನೇ ಬಲೆಯಾಗಿಸುವ ಆ ವಿಷದ ಅಣಬೆಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅಮೆರಿಕದಲ್ಲಿ ಬೇರೊಂದು ಕಥೆಯೂ ನಡೆದಿತ್ತು. ಅಲ್ಲಿ ಆಟಗಳು ವಿಡಿಯೋ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತಿದ್ದವು. ವಾರಾಂತ್ಯದಲ್ಲಿ ಮುಗಿಸಿಬಿಟ್ಟರೆ ಕೊಳ್ಳುವವರಾರು? 1994ರ ಲಯನ್ ಕಿಂಗ್ ಆಟದ ಎರಡನೆಯ ಹಂತದ ಕೋತಿಗಳ ಒಗಟು ಅಷ್ಟು ಕಠಿಣವಾದದ್ದು ಬಾಡಿಗೆಯವರನ್ನು ತಡೆಯಲೆಂದೇ ಎಂದು ಅದನ್ನು ತಯಾರಿಸಿದ ವೆಸ್ಟ್‌ವುಡ್ ಸಂಸ್ಥೆಯ ಲೂಯಿ ಕ್ಯಾಸಲ್ ಆಮೇಲೆ ಹೇಳಿದರು. ನಾಣ್ಯ ಹೋಗಿ ಬಾಡಿಗೆ ಬಂತು, ಅಷ್ಟೆ.

ಇನ್ನು ಭಾಷೆಯ ಮಾತು. ಕೊನಾಮಿಯವರು 1987ರಲ್ಲಿ ತಂದ ಸೈಮನ್ಸ್ ಕ್ವೆಸ್ಟ್ ಆಟದಲ್ಲಿ ಒಂದೆಡೆ ಕೆಂಪು ಸ್ಫಟಿಕ ಹಿಡಿದು ಬಂಡೆಯ ಬಳಿ ಮಂಡಿಯೂರಿ ಕಾಯಬೇಕು. ಸುಂಟರಗಾಳಿ ಬಂದು ಎತ್ತಿಕೊಂಡು ಹೋಗುತ್ತದೆ. ಇಂಗ್ಲಿಷ್ ಆವೃತ್ತಿಯ ಒಂದು ಸುಳಿವೋ, ಬಂಡೆಗೆ ತಲೆ ಚಚ್ಚಿ ತೂತು ಮಾಡು ಎನ್ನುತ್ತದೆ! ಇಂಗ್ಲಿಷ್ ಚೆನ್ನಾಗಿ ಬಲ್ಲ ಮಕ್ಕಳೇ ಅಲ್ಲಿ ಕಂಗೆಟ್ಟರು. ಮಾರಿಯೋನ ಮೊದಲ ಹಂತವನ್ನು ಅನುವಾದಿಸಬೇಕಾಗಿಯೇ ಇರಲಿಲ್ಲ.

ಅನುವಾದ ಬೇಡದ ಇನ್ನೊಂದು ಸಂಗತಿ ಉಂಟು. 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುತ್ತಿದ್ದ ಕೊನಾಮಿಯ ಕಝುಹಿಸಾ ಹಶಿಮೊಟೊ ಅವರಿಗೆ ಅದು ಆಡಲಾಗದಷ್ಟು ಕಷ್ಟವಾಯಿತಂತೆ. ಪರೀಕ್ಷೆಗೆ ಅನುಕೂಲವಾಗಲೆಂದು ಅವರು ಇಟ್ಟುಕೊಂಡ ಗುಪ್ತ ಸಂಕೇತ ಅದರಲ್ಲೇ ಉಳಿದುಹೋಯಿತು. 1988ರ ಕಾಂಟ್ರಾದಲ್ಲೂ ಅದೇ ಸಂಕೇತ. ಮೂರರ ಬದಲು ಮೂವತ್ತು ಜೀವ. ಅದು ಮೋಸ ಎನ್ನುವವರನ್ನು ನೀವು ಕಂಡಿರಬಹುದು. ಆದರೆ ಆ ಮೂವತ್ತು ಜೀವ ಇಲ್ಲದಿದ್ದರೆ ಎಷ್ಟು ಮಕ್ಕಳು ಕಾಂಟ್ರಾದ ಜಲಪಾತವನ್ನು ದಾಟಿ ಹಿಮದ ಬಯಲನ್ನು ನೋಡುತ್ತಿದ್ದರು? ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಆಮೇಲೆ ಸ್ಟಾರ್ಟ್ ಗುಂಡಿ ಒತ್ತಬೇಕು.