ಹಳೆಯ ಕೋವಿಗೆ ಯಾವ ಮದ್ದು?

ಮುಂಡಗೋಡ, ಹಳಿಯಾಳಗಳ ಗದ್ದೆಯಂಚಿನಲ್ಲಿ, ದಾಂಡೇಲಿ, ಜೋಯಿಡಾಗಳ ಕಾಡಂಚಿನ ಹಳ್ಳಿಗಳಲ್ಲಿ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೋವಿ ಅಪರೂಪದ ವಸ್ತುವಲ್ಲ. ಬಾಯಿಯಿಂದಲೇ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿದು, ಹಿಂದೆ ಕೇಪು ಇಟ್ಟು ಅದನ್ನು ಹಾರಿಸಬೇಕು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕಾದ ಈ ಬಡ ಆಯುಧಕ್ಕೂ ಒಂದು ದೊಡ್ಡ ಇತಿಹಾಸವಿದೆಯೆಂದರೆ ಕೇಳುಗರು ನಗಬಾರದು.

ಆ ಇತಿಹಾಸದ ನಾಯಕ ಕೋವಿಯಲ್ಲ, ಕರಿ ಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಈ ಮಿಶ್ರಣದಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪೇ. ಬಿಹಾರದ ಪೆಟ್ಲುಪ್ಪು ಹಡಗುಗಟ್ಟಲೆ ಯುರೋಪಿಗೆ ಹೋಗುತ್ತಿತ್ತು. 1757ರ ಪ್ಲಾಸಿ ಯುದ್ಧದ ಬಳಿಕ ಆ ವ್ಯಾಪಾರ ಈಸ್ಟ್ ಇಂಡಿಯಾ ಕಂಪನಿಯ ಮುಷ್ಟಿಗೆ ಬಂತು. ನೂರು ವರ್ಷಗಳ ಮೇಲೆ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಬಂದೂಕೂ ಬಾಯಿಯಿಂದ ತುಂಬುವಂಥದೇ. ಹಲ್ಲಿನಿಂದ ಹರಿಯಬೇಕಾಗಿದ್ದ, ಕೊಬ್ಬು ಸವರಿದ ಆ ಕಾಗದದ ತೋಟೆಯೊಳಗೆ ಇದ್ದುದು ಇದೇ ಕರಿ ಮದ್ದು.

ಅದೇ 1857ರಲ್ಲಿ ಆಯುಧಗಳನ್ನು ಕಸಿಯುವ ಕಾಯಿದೆ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಗೆ ಊರು ಉರಿಯಿತು, 19 ಮಂದಿ ಗಲ್ಲಿಗೇರಿದರು. ಮುಂದಿನ ಎರಡು ವರ್ಷ, 1858-59ರಲ್ಲಿ, ಇಂದಿನ ಜೋಯಿಡಾ ತಾಲೂಕಾದ ಸೂಪಾದ ಗಡಿಕಾಡುಗಳಲ್ಲಿ ಬಂಡಾಯ ಹೊಗೆಯಾಡಿತು. ಬಂಡೆದ್ದವರ ಪೈಕಿ ಸಿದ್ದಿ ಬಸ್ತ್ಯಾಂವನ ಹೆಸರು ಉಳಿದುಬಂದಿದೆ. ಆ ಮಳೆಕಾಡಿನಲ್ಲಿ ಕೋವಿಯನ್ನು ಬಚ್ಚಿಡುವುದು ಸುಲಭ. ತೇವ ಹೀರುವ ಮದ್ದನ್ನು ಒಣಗಿಸಿಟ್ಟುಕೊಳ್ಳುವುದು ಕಷ್ಟ. ಮದ್ದಿಲ್ಲದ ಕೋವಿ ಬರಿಯ ಕೊಳವೆಯಲ್ಲವೆ?

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಅದು ಕರಿ ಮದ್ದಿಗಿಂತ ಬಲಶಾಲಿ. ಒತ್ತಡ ಏರಿದಂತೆಲ್ಲ ಇನ್ನೂ ರಭಸದಿಂದ ಉರಿಯುವ ಸ್ವಭಾವ ಅದರದು. ಕರಿ ಮದ್ದಿಗೆಂದೇ ಮಾಡಿದ ನಳಿಗೆಗೆ ಅದನ್ನು ತುಂಬಿದವನು ಕೈಯನ್ನೋ ಕಣ್ಣನ್ನೋ ಕಳೆದುಕೊಂಡಾನು. 1970ರ ದಶಕದಲ್ಲಿ ಅಮೆರಿಕದಲ್ಲಿ ಪೈರೋಡೆಕ್ಸ್ ಎಂಬ ಬದಲಿ ಮದ್ದು ಬಂತು. ಅದರ ಒತ್ತಡ ಹಳೆಯ ನಳಿಗೆ ತಾಳುವಂಥದು. ಆದರೆ ಅದನ್ನು ತೂಕದಿಂದಲ್ಲ, ಕರಿ ಮದ್ದಿನ ಅಳತೆಪಾತ್ರೆಯಿಂದ ಅಳೆಯಬೇಕು. ಹೊತ್ತಿಕೊಳ್ಳಲು ಹೆಚ್ಚಿನ ಕಾವು ಬೇಕಾದ್ದರಿಂದ ಕೇಪಿನ ಕೋವಿಗೆ ಒಗ್ಗೀತು, ಚಕಮಕಿ ಕಲ್ಲಿನ ಕೋವಿಗೆ ಒಗ್ಗದು. ಹಾರಿಸಿದ ಮೇಲೆ ನಳಿಗೆಯನ್ನು ತೊಳೆಯದಿದ್ದರೆ ಎರಡೂ ಅದನ್ನು ತುಕ್ಕು ಹಿಡಿಸುವುವು.

1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು. 1972ರ ಕಾಯಿದೆ ವನ್ಯಜೀವಿಗಳಿಗೆ ರಕ್ಷಣೆ ಕೊಟ್ಟಿತು. ಅದು ನ್ಯಾಯವೇ. ಆದರೆ ಹಂದಿ ನುಗ್ಗಿದ ಗದ್ದೆಯ ಬದುವಿನಲ್ಲಿ ರಾತ್ರಿ ಕಾಯುವ ರೈತನ ನ್ಯಾಯವೂ ಒಂದಿದೆ. ಅವನು ಬೇಡುವುದು ಬಹುಪಾಲು ಒಂದು ಸದ್ದನ್ನಷ್ಟೇ. ಹಳೆಯ ನಳಿಗೆ ಎಷ್ಟು ತಾಳೀತೆಂಬುದನ್ನರಿತು ಮದ್ದು ಹಾಕಬೇಕೆಂಬ ವಿವೇಕ ಅವನ ಹಿರಿಯರದು. ಆಳುವವರಿಗೂ ಆ ವಿವೇಕ ಬೇಕೆಂಬುದನ್ನು ಹಲಗಲಿ, ಸೂಪಾಗಳ ನೆನಪು ಹೇಳುತ್ತದೆ.