ಬತ್ತಿದ ಕೆರೆಗೆ ಮೀನು ಮರಳುತ್ತಿದ್ದ ದಾರಿ

ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆ ಪಾಲಾರ್ ನದಿಯ ನೀರಿಗೆ ಒಡ್ಡಿದ ಕೆರೆ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದ ಏರಿಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರ ಕಾಲಕ್ಕೆ ಒಮ್ಮೆ, ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಕಾಲಕ್ಕೆ ಮತ್ತೊಮ್ಮೆ ಕಟ್ಟಿಸಿದ ಸಂಗತಿ ಇಲ್ಲಿನ ಶಾಸನಗಳಿಂದ ತಿಳಿಯುತ್ತದೆ. ಏರಿ ಒಡೆಯಿತೆಂದರೆ ಗದ್ದೆ ಕೊಚ್ಚಿಹೋಯಿತು ಎಂದೇ ನಮಗೆ ಮೊದಲು ಹೊಳೆಯುತ್ತದೆ. ಅದೇ ರಾತ್ರಿ ಕೆರೆಯ ಮೀನೂ ಹೋಗಿರುತ್ತದೆ. ಮುಂದಿನ ಮಳೆಗೆ ಮೊಟ್ಟೆ ಇಡಬೇಕಿದ್ದ ತಾಯಿಮೀನುಗಳೂ ಅದರಲ್ಲಿ ಸೇರಿರುತ್ತವೆ. ತಳಿಯ ಮೀನು ಒಂದೇ ಏಟಿಗೆ ಇಲ್ಲವಾಗುವುದು ಹಾಗಾಗಿ ಈ ಸೀಮೆಗೆ ಸಾವಿರ ವರ್ಷದಷ್ಟಾದರೂ ಹಳೆಯ ಅನುಭವ. ಅಷ್ಟು ಸಲ ಕಳೆದುಕೊಂಡರೂ ಕೆರೆಗೆ ಮೀನು ಮತ್ತೆ ಬರುತ್ತಿತ್ತು. ಹೇಗೆ ಬರುತ್ತಿತ್ತು, ಈಗೇಕೆ ಬರುತ್ತಿಲ್ಲ ಎಂಬುದನ್ನು ಮೀಸೆಮೀನುಗಳನ್ನೇ ಮುಂದಿಟ್ಟುಕೊಂಡು ನೋಡಬೇಕು. ಕೆರೆ ಕೆಟ್ಟಿತೋ ಇಲ್ಲವೋ ಎಂಬುದಕ್ಕೆ ಅವುಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಯಲುಸೀಮೆಯ ಕೆರೆಗಳ ಮೀಸೆಮೀನುಗಳಲ್ಲಿ ಎರಡು ಬಗೆ. ಒಂದು, ಗಾಳಿಯನ್ನೇ ಉಸಿರಾಡಬಲ್ಲವು. ಚೇಳು ಮೀನಿನ ಕಿವಿರಿನ ಗೂಡಿನಿಂದ ಬಾಲದ ಕಡೆಗೆ, ಬೆನ್ನಿನ ಮಾಂಸದ ನಡುವೆ, ಎರಡು ಉದ್ದನೆಯ ಗಾಳಿಚೀಲಗಳು ಚಾಚಿಕೊಂಡಿರುತ್ತವೆ. ನೀರಿನಲ್ಲಿ ಆಮ್ಲಜನಕ ತೀರಿದರೆ ಅದು ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುತ್ತದೆ. ಕೆರೆ ಬತ್ತುತ್ತ ಬಂದಾಗ ಕೊನೆಯ ಮಡುವಿನ ಕೆಸರಿನಲ್ಲಿ, ಚರ್ಮ ತೇವವಾಗಿರುವಷ್ಟು ಕಾಲ, ಜೀವ ಹಿಡಿದುಕೊಂಡಿರುತ್ತದೆ. ಇನ್ನೊಂದು ಬಗೆ ಗಿರ್ಲು, ಬಾಳೆ ಮೀನುಗಳದು. ಇವಕ್ಕೆ ಅಂಥ ಚೀಲವಿಲ್ಲ, ನೀರಲ್ಲಿ ಕರಗಿದ ಆಮ್ಲಜನಕವೇ ಆಧಾರ. ಮೋಡ ಕವಿದ ರಾತ್ರಿಯ ಮರುದಿನ ನಸುಕಿಗೆ, ಪಾಚಿ ಹೆಚ್ಚಿದ ನೀರಿನಲ್ಲಿ, ಮೊದಲು ಬಾಯಿ ಬಿಡುವವು ಇವೇ. ಹೀಗಾಗಿ 'ಕೆರೆಯ ಮೀನು ಸತ್ತಿತು' ಎಂದರೆ ಸಾಲದು. ಯಾವುದು ಸತ್ತಿತು, ಯಾವುದು ಉಳಿಯಿತು ಎಂದು ಕೇಳಬೇಕು. ಗಿರ್ಲು ಸತ್ತು ಚೇಳು ಮೀನು ಉಳಿದಿದ್ದರೆ ಉಸಿರು ಕಟ್ಟಿದ ಸಾವು ಎಂದು ಊಹಿಸಬಹುದು. ಎರಡೂ ಸತ್ತಿದ್ದರೆ ನೀರಿಗೆ ಏನೋ ಬಿದ್ದಿದೆ ಎಂದು ಹುಡುಕಬೇಕು.

ಕೆಸರಿನಲ್ಲಿ ಉಳಿಯಲಾರದ ಮೀನುಗಳಿಗೆ ಕೆರೆಗಳ ಸರಣಿಯೇ ಗತಿಯಾಗಿತ್ತು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿ 1866ರಲ್ಲಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದಲ್ಲಿ ಬರೆದರು. ಪಾಲಾರ್ ಕಣಿವೆಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ, ಬೇತಮಂಗಲ ತುಂಬಿದರೆ ಮುಂದೆ ರಾಮಸಾಗರಕ್ಕೆ. ನೀರು ಇಳಿಯುವ ದಾರಿಯಲ್ಲೇ ಮರಿಯೂ ಇಳಿಯುತ್ತಿತ್ತು. ಹೊಸ ನೀರಿಗೆ ಎದುರಾಗಿ ಮೀನು ಹತ್ತುತ್ತಿದ್ದದ್ದೂ ಅದೇ ಕಾಲುವೆಗಳಲ್ಲಿ. ಚೇಳು ಮೀನು ಮುಂಗಾರಿನಲ್ಲಿ ನೀರು ನಿಂತ ತಗ್ಗು ಅಂಚುಗಳಲ್ಲಿ, ಗದ್ದೆಬಯಲಿನಲ್ಲಿ ಮೊಟ್ಟೆ ಇಡುತ್ತದೆ; ಅಚ್ಚುಕಟ್ಟಿನ ಭತ್ತದ ಗದ್ದೆ ಅದಕ್ಕೆ ಹೆರಿಗೆಮನೆ. ಒಂದು ಕೆರೆಯ ತಾಯಿಮೀನು ಪೂರ್ತಿ ಹೋದರೂ ಮೇಲಿನದರಲ್ಲೋ ಕೆಳಗಿನದರಲ್ಲೋ, ಯಾರದೋ ಬಾವಿಯಲ್ಲೋ ಅದರ ಬಳಗ ಇರುತ್ತಿತ್ತು. ತಳಿ ಯಾವತ್ತೂ ಒಂದೇ ಕೆರೆಯದಾಗಿರಲಿಲ್ಲ, ಇಡೀ ಕಣಿವೆಯದಾಗಿತ್ತು. ಹಳೆಯ ಕಾಲ ನಷ್ಟವನ್ನು ತಾಳಿಕೊಂಡ ಬಗೆ ಇದು ಎಂಬುದು ನನ್ನ ವಾದ.

ಇದಕ್ಕೆ ಬರುವ ಮೊದಲ ಆಕ್ಷೇಪ ಬರಗಾಲದ್ದು. 1876ರಿಂದ 1878ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು; ಆಗ ಒಂದು ಕೆರೆಯಲ್ಲ, ಸಾಲುಸಾಲು ಕೆರೆ ಬತ್ತಿದವು, ಸರಣಿಯಿಂದ ಆದದ್ದೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಬರ ಮುಗಿದಾಗ ಕಾಲುವೆಗಳು ಇದ್ದಲ್ಲೇ ಇದ್ದವು, ಅಂತರ್ಜಲ ಬಾವಿಯ ಕೈಗೆಟುಕುವಷ್ಟರಲ್ಲಿತ್ತು, ಕೆರೆಯಂಗಳದ ಆಳದ ಮಡುಗಳಲ್ಲಿ ತೇವ ಉಳಿಯುತ್ತಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ಬತ್ತುವಿಕೆ ಬೇರೆ ಜಾತಿಯದು. ಕೊಳವೆಬಾವಿ ಸಾವಿರ ಅಡಿಗೂ ಕೆಳಗಿಳಿಯಿತು, ನೀಲಗಿರಿ ತೋಪುಗಳು ಮಳೆಯ ನೀರು ಹರಿದುಬರುವ ಇಳಿಜಾರುಗಳನ್ನು ತುಂಬಿದವು, ರಾಜಕಾಲುವೆ ಒತ್ತುವರಿಯಾಯಿತು, ಹೂಳು ತುಂಬಿ ಮಡು ಮಾಯವಾಯಿತು. ಒಂದು ಕಾಲಕ್ಕೆ ಕೋಲಾರದ ಚಿನ್ನದ ಗಣಿಯ ಇಡೀ ಊರಿಗೆ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆ ವರ್ಷಗಟ್ಟಲೆ ಒಣಗಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಕೆರೆಯ ಮೀನು ಯಾವ ವರ್ಷ ತೀರಿಹೋಯಿತು ಎಂದು ಯಾರೂ ಬರೆದಿಡಲಿಲ್ಲ. ನನಗೆ ಇದು ಸಣ್ಣ ಮರೆವಾಗಿ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿದಿದೆ, 2021ರ ಮಳೆಗೆ ಜಿಲ್ಲೆಯ ಎಷ್ಟೋ ಕೆರೆ ಕೋಡಿ ಬಿದ್ದವು, ಮೀನಿನ ಗುತ್ತಿಗೆ ಮತ್ತೆ ನಡೆಯುತ್ತಿದೆ. ಹೋದದ್ದರ ಬಗ್ಗೆ ಕೊರಗೇಕೆ? ನೀರು ಬಂದದ್ದು ಒಳ್ಳೆಯದೇ. ಆದರೆ ಗುತ್ತಿಗೆ ಕೆರೆಗೆ ಬಿಡುವುದು ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು. ಅವು ಹೊಳೆಯ ಮೀನು. ನಿಂತ ಕೆರೆಯಲ್ಲಿ ದಪ್ಪವಾಗುತ್ತವೆ, ಮರಿ ಮಾಡುವುದಿಲ್ಲ. ಪ್ರತಿ ವರ್ಷ ಮರಿ ಕೊಂಡು ತಂದು ಬಿತ್ತಬೇಕು. ಇಲ್ಲಿ ಮೀನು ಒಮ್ಮೆಲೇ ಸತ್ತರೆ ಹಣ ಹೋಗುತ್ತದೆ, ತಳಿ ಹೋಗುವುದಿಲ್ಲ, ಏಕೆಂದರೆ ಕೆರೆಯಲ್ಲಿ ತಳಿ ಎಂಬುದೇ ಇರಲಿಲ್ಲ. ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರಿನಲ್ಲಿ ಉಳಿಯುವ ಸಾರಜನಕ, ರಂಜಕಗಳು ಪಾಚಿಗೆ ಗೊಬ್ಬರ. ಪಾಚಿ ಹಗಲು ಆಮ್ಲಜನಕ ಕೊಟ್ಟು ರಾತ್ರಿ ಅದನ್ನೇ ಹೀರುತ್ತದೆ. ತುಂಬಿದ ಕೆರೆಯಲ್ಲೂ ಗಿರ್ಲಿಗೆ ನಸುಕಿನ ಅಪಾಯ ತಪ್ಪುವುದಿಲ್ಲ.

ಹಾಗಾದರೆ ಯಾವ ನೀರಿಗೂ ಜಗ್ಗದ ಆಫ್ರಿಕನ್ ಕ್ಯಾಟ್‌ಫಿಶ್ ಬಿಡಬಹುದಲ್ಲ ಎನ್ನುವವರಿದ್ದಾರೆ. ಬಿಡಬಾರದು. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2019ರಲ್ಲಿ ಅದನ್ನು ನಾಶಪಡಿಸಲು ಹೇಳಿತು. ಕೆರೆಯಲ್ಲಿ ಉಳಿದಿರುವ ಚೇಳು ಮೀನಿನ ಮರಿಯನ್ನೂ ಅದು ಬಿಡದೆ ತಿನ್ನುತ್ತದೆ.

ತಳಿಯನ್ನು ಮನುಷ್ಯನೇ ಕೈಯಾರೆ ಎಬ್ಬಿಸಬಹುದು ಎಂಬುದಕ್ಕೂ ನಮ್ಮಲ್ಲೇ ಚರಿತ್ರೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಎಲ್.ಎಸ್. ರಾಮಸ್ವಾಮಿಯವರು ಬಿ.ಐ. ಸುಂದರರಾಜ್ ಅವರೊಡನೆ, ಪಿಟ್ಯೂಟರಿ ಗ್ರಂಥಿಯ ಸಾರ ಚುಚ್ಚಿ ಚೇಳು ಮೀನಿನಿಂದ ಮೊಟ್ಟೆ ಇಡಿಸಿದ ಪ್ರಯೋಗವನ್ನು 1956ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹೀರಾಲಾಲ್ ಚೌಧುರಿ ಗೆಂಡೆ ಜಾತಿಯ ದೊಡ್ಡ ಮೀನುಗಳಿಂದ ಹೀಗೆ ಮೊಟ್ಟೆ ಇಡಿಸಿದ್ದು ಅದರ ಮರುವರ್ಷ, 1957ರ ಜುಲೈ 10ರಂದು; ಆ ದಿನ ಈಗ ಮೀನು ಕೃಷಿಕರ ದಿನವಾಗಿದೆ. ಗೆಂಡೆಯ ಹಾದಿ ಉದ್ಯಮವಾಯಿತು, ಚೇಳು ಮೀನಿನದು ಅಷ್ಟಾಗಿ ಬೆಳೆಯಲಿಲ್ಲ. ಮೀಸೆಮೀನಿನ ತಳಿ ಎಬ್ಬಿಸುವುದರಲ್ಲಿ ಒಂದು ಕಠಿಣ ಸಂಗತಿಯೂ ಇದೆ. ಗೆಂಡೆಯಂತೆ ಹೊಟ್ಟೆ ಒತ್ತಿದರೆ ಗಂಡಿನ ವೀರ್ಯ ಸುಲಭವಾಗಿ ಬರುವುದಿಲ್ಲ. ಮುರುಗೋಡು ಎಂಬ ಮೀಸೆಮೀನಿನಂಥವುಗಳ ಗಂಡನ್ನು ಸಾಮಾನ್ಯವಾಗಿ ಕೊಯ್ದೇ ವೀರ್ಯಕೋಶ ತೆಗೆಯಬೇಕು. ಪ್ರತಿ ಮರಿಸಂತತಿಗೂ ಗಂಡು ಬಲಿಯಾಗುವ ಕಡೆ ತಳಿಮೀನಿನ ಸಂಗ್ರಹ ಯಾವಾಗಲೂ ತೆಳುವೇ.

ಚೇಳು ಮೀನು, ಗಿರ್ಲು ಇವತ್ತು ಅಲಂಕಾರಿಕ ಮೀನಿನ ಪೇಟೆಯಲ್ಲೂ ಮಾರಾಟವಾಗುತ್ತವೆ. ಗಾಜಿನ ತೊಟ್ಟಿಯಲ್ಲಿ ಇವುಗಳ ಮರಿ ಮಾಡಿಸುವವರಿಗೆ ಆಗುವ ನಷ್ಟವೂ ಹೀಗೆಯೇ ಹಠಾತ್ತಾದದ್ದು: ಕರೆಂಟು ಹೋಗಿ ಗಾಳಿಯ ಪಂಪು ನಿಂತ ರಾತ್ರಿ, ಕ್ಲೋರಿನ್ ಆರದ ನಲ್ಲಿಯ ನೀರನ್ನು ನೇರ ಸುರಿದ ಬೆಳಗ್ಗೆ. ಅಂಥವರು ದುಃಖಪಟ್ಟರೆ ಅದನ್ನು ಹವ್ಯಾಸದ ಗೋಳು ಎಂದು ತಳ್ಳಿಹಾಕುವುದು ಸರಿಯಲ್ಲ. ವರ್ಷಗಟ್ಟಲೆ ಆರಿಸಿ ಬೆಳೆಸಿದ ಜೋಡಿ ದುಡ್ಡು ಕೊಟ್ಟ ಮಾತ್ರಕ್ಕೆ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಪಾಲಾರ್ ಕಣಿವೆಯ ಚರಿತ್ರೆ ಅವರಿಗೂ ದಾರಿ ತೋರುತ್ತದೆ: ಮರಿಗಳನ್ನು ಎರಡು ಮೂರು ತೊಟ್ಟಿಗೆ, ಸಾಧ್ಯವಾದರೆ ಎರಡು ಮೂರು ಮನೆಗೆ ಹಂಚಿಡುವುದು. ಕೆರೆಯ ಮಟ್ಟದಲ್ಲಿ ಇದೇ ಕೆಲಸವನ್ನು ಮೀನುಗಾರಿಕೆ ಇಲಾಖೆ, ಗ್ರಾಮ ಪಂಚಾಯಿತಿಗಳು ಮಾಡಬಹುದು. ಹೂಳೆತ್ತುವಾಗ ಇಡೀ ಅಂಗಳವನ್ನು ತಟ್ಟೆಯಂತೆ ಸಮ ಮಾಡದೆ ಒಂದು ಆಳದ ಮಡು ಬಿಡಬೇಕು, ಆ ಮಡುವಿನ ಮೀನು ಗುತ್ತಿಗೆಗೆ ಸೇರದೆಂದು ಕರಾರಿನಲ್ಲೇ ಬರೆಯಬೇಕು, ಬೇತಮಂಗಲದಿಂದ ರಾಮಸಾಗರದವರೆಗಿನ ಕೋಡಿ ಕಾಲುವೆಯ ಒತ್ತುವರಿ ತೆರವುಗೊಳಿಸಬೇಕು. ಮೂರರಲ್ಲಿ ಕಷ್ಟದ್ದು ಕೊನೆಯದು. ಮೊದಲ ಎರಡಕ್ಕೆ ಮುಂದಿನ ಟೆಂಡರಿನವರೆಗೆ ಕಾದರೆ ಸಾಕು.